ಎಂಟು ಜನ, ಎಂಟು ಪುಸ್ತಕ: ಒಂದು ಕರಕುಶಲ ಸಂಜೆಯ ತಯಾರಿ

ಮನೆಯಲ್ಲಿ ಗೆಳೆಯರ ಜೊತೆ ಕರಕುಶಲ ಸಂಜೆ ಮಾಡಬೇಕು ಅಂತ ಹೊರಟಾಗ, ಕೆಲಸ ಆರಿಸಲು ನಾನು ಇಟ್ಟುಕೊಂಡದ್ದು ಒಂದೇ ಅಳತೆ: ಕೈ ದುಡಿಯುತ್ತಿರುವಾಗ ಬಾಯಿಗೆ ಬಿಡುವಿರಬೇಕು. ಜನ ಬರುವುದು ಒಬ್ಬರನ್ನೊಬ್ಬರು ನೋಡಿ ಮಾತಾಡಲು. ಕಾಗದ, ದಾರ, ಸೂಜಿ ಎಲ್ಲ ಅದಕ್ಕೊಂದು ನೆಪ. ಆದರೆ ಆ ನೆಪವೂ ಗಟ್ಟಿಯಾಗಿರಬೇಕು, ಹೊರಡುವ ಹೊತ್ತಿಗೆ ಪ್ರತಿಯೊಬ್ಬರ ಕೈಯಲ್ಲೂ ಮುಗಿದ ವಸ್ತುವೊಂದು ಇರಬೇಕು. ಅರ್ಧಕ್ಕೆ ನಿಂತ ಕೆಲಸವನ್ನು ಚೀಲಕ್ಕೆ ಹಾಕಿಕೊಂಡು ಹೋದವರು ಮನೆಯಲ್ಲಿ ಅದನ್ನು ಮುಗಿಸುವುದು ಅಪರೂಪ.

ಈ ಅಳತೆಗೆ ಹಿಡಿದು ನೋಡಿದರೆ ಬಹಳಷ್ಟು ಕೆಲಸಗಳು ತಾವಾಗಿಯೇ ಬಿಟ್ಟುಹೋಗುತ್ತವೆ. ಹೆಣಿಗೆ ಹರಟೆಗೆ ಹೇಳಿ ಮಾಡಿಸಿದ್ದು, ಆದರೆ ಹೊಸಬರಿಗೆ ಒಂದೇ ಸಂಜೆಯಲ್ಲಿ ಕೈಗೆ ಹತ್ತುವುದಿಲ್ಲ. ಜೇಡಿಮಣ್ಣು ಒಣಗಲು ದಿನಗಟ್ಟಲೆ ಬೇಕು. ಮೇಣದಬತ್ತಿ ಎರೆಯುವುದಾದರೆ ಬಿಸಿ ಮೇಣದ ಹತ್ತಿರ ಒಬ್ಬರು ನಿಲ್ಲಬೇಕು, ಉಳಿದವರು ಕಾಯಬೇಕು. ಚಿತ್ರ ಬಿಡಿಸೋಣ ಅಂದರೆ ಅರ್ಧ ಜನ "ನಂಗೆ ಚಿತ್ರ ಬರಲ್ಲಪ್ಪ" ಅಂತ ಮೊದಲೇ ಕೈಕಟ್ಟಿ ಕೂರುತ್ತಾರೆ. ಕಾಗದದ ಗೊಂಬೆ ಮಡಚುವಾಗ ಒಂದು ಮಡಿಕೆ ತಪ್ಪಿದರೆ ಮುಂದಿನದ್ದೆಲ್ಲ ತಪ್ಪುತ್ತದೆ, ಹಾಗಾಗಿ ಎಲ್ಲರ ಕಣ್ಣೂ ಸೂಚನೆಯ ಹಾಳೆಯ ಮೇಲೇ ನೆಟ್ಟಿರುತ್ತದೆ.

ಕೊನೆಗೆ ಉಳಿದದ್ದು ಕೈಹೊಲಿಗೆಯ ಕಿರುಪುಸ್ತಕ. ಒಂದೇ ಕಂತೆ ಹಾಳೆ, ನಡುವೆ ಮಡಿಕೆ, ಮಡಿಕೆಯಲ್ಲಿ ಐದು ತೂತು, ಒಂದು ದಾರ, ಒಂದು ಗಂಟು. ಅಂಟು ಬೇಡ, ಆದ್ದರಿಂದ ಒಣಗಲಿ ಅಂತ ಕಾಯುವುದೂ ಇಲ್ಲ. ಹೀಗೆ ಪುಸ್ತಕ ಕಟ್ಟುವುದು ತೀರಾ ಹಳೆಯ ಪದ್ಧತಿ. 1945ರಲ್ಲಿ ಈಜಿಪ್ಟಿನ ನಾಗ್ ಹಮ್ಮಾದಿ ಬಳಿ ಸಿಕ್ಕ, ನಾಲ್ಕನೇ ಶತಮಾನದ್ದೆನ್ನುವ ಪಪೈರಸ್ ಪುಸ್ತಕಗಳಲ್ಲಿ ಹೆಚ್ಚಿನವು ಒಂದೇ ಕಂತೆಯಾಗಿ ಮಡಚಿ ತೊಗಲಿನ ಹೊದಿಕೆಗೆ ಕಟ್ಟಿದವು. ಅಷ್ಟು ಕಾಲ ತಾಳಿದ ವಿಧಾನವನ್ನು ಗೆಳೆಯರ ಕೈಗೆ ಕೊಡುತ್ತಿದ್ದೇನೆ ಅನ್ನುವುದು ನನಗೆ ತುಂಬ ಇಷ್ಟವಾಯಿತು.

ಬರುವವರು ಎಂಟು ಜನ. ಅವರಲ್ಲಿ ಸೂಜಿ ಹಿಡಿದು ಅಭ್ಯಾಸ ಇದ್ದವರು ಒಬ್ಬರೋ ಇಬ್ಬರೋ.

ಕಾಗದ

ಪುಸ್ತಕದ ಅಳತೆ ನಿರ್ಧಾರವಾದದ್ದು ಕಾಗದದ ಎಳೆಯಿಂದ. ಯಂತ್ರದಲ್ಲಿ ಕಾಗದ ತಯಾರಾಗುವಾಗ ನಾರುಗಳು ಬಹುಪಾಲು ಯಂತ್ರ ಓಡುವ ದಿಕ್ಕಿಗೇ ಮಲಗುತ್ತವೆ. ಆ ದಿಕ್ಕಿಗೆ ಸಮಾನಾಂತರವಾಗಿ ಮಡಚಿದರೆ ಮಡಿಕೆ ನೇರವಾಗಿ ಕೂರುತ್ತದೆ. ಎಳೆಗೆ ಅಡ್ಡಲಾಗಿ ಮಡಚಿದರೆ ನಾರು ಮುರಿದು ಮಡಿಕೆಯ ಅಂಚು ಒರಟಾಗುತ್ತದೆ, ಪುಸ್ತಕ ಮುಚ್ಚಿಟ್ಟರೂ ಬಾಯಿ ತೆರೆದುಕೊಂಡೇ ಇರುತ್ತದೆ. ಹೊಸಬರು ಮಾಡಿದ ಪುಸ್ತಕ ಚಪ್ಪಟೆಯಾಗಿ ಕೂರದಿದ್ದಾಗ ಅವರು ತಮ್ಮ ಕೈಯನ್ನೇ ದೂರುತ್ತಾರೆ. ಎಷ್ಟೋ ಸಲ ಕಾರಣ ಕಾಗದದಲ್ಲೇ ಇರುತ್ತದೆ.

ಎಳೆ ಯಾವ ಕಡೆಗಿದೆ ಅಂತ ನೋಡುವುದು ಸುಲಭ. ಹಾಳೆಯನ್ನು ಗೆರೆ ಬೀಳದಂತೆ ಬಗ್ಗಿಸಿ ಅಂಗೈಯಿಂದ ಮೆಲ್ಲಗೆ ಒತ್ತಿ. ಆಮೇಲೆ ಇನ್ನೊಂದು ದಿಕ್ಕಿಗೆ ಬಗ್ಗಿಸಿ ಒತ್ತಿ. ಯಾವ ಬಾಗು ಸಲೀಸಾಗಿ ಮಣಿಯುತ್ತದೋ ಆ ಬಾಗಿನ ಉದ್ದಕ್ಕೇ ಎಳೆ ಇದೆ. ಅನುಮಾನ ಉಳಿದರೆ ಚಿಕ್ಕ ಚೂರೊಂದರ ಒಂದು ಮಗ್ಗುಲಿಗೆ ನೀರು ಸವರಿ. ಅದು ಕೊಳವೆಯಾಗಿ ಸುರುಳಿಕೊಳ್ಳುತ್ತದೆ, ಕೊಳವೆಯ ಉದ್ದ ಯಾವ ಕಡೆಗೋ ಎಳೆಯೂ ಆ ಕಡೆಗೆ.

ಮಾಮೂಲಿ ಪ್ರಿಂಟರ್ ಎ4 ಹಾಳೆಯಲ್ಲಿ ಎಳೆ ಸಾಮಾನ್ಯವಾಗಿ ಉದ್ದ ಬದಿಗೆ, ಅಂದರೆ 297 ಮಿ.ಮೀ. ಕಡೆಗೆ ಇರುತ್ತದೆ. ನನ್ನ ಹತ್ತಿರ ಇದ್ದ 80 ಜಿಎಸ್‌ಎಂ (ಒಂದು ಚದರ ಮೀಟರಿಗೆ 80 ಗ್ರಾಂ ತೂಗುವ) ಕಾಗದವೂ ಹಾಗೆಯೇ ಇತ್ತು. ಅದನ್ನು ನೇರವಾಗಿ ನಡುವೆ ಮಡಚಿ ಎ5 ಪುಸ್ತಕ ಮಾಡಿದರೆ ಮಡಿಕೆ ಎಳೆಗೆ ಅಡ್ಡ ಬೀಳುತ್ತದೆ. ಆದರೆ ಎ4 ಅನ್ನು ಎರಡು ಎ5 ಹಾಳೆಯಾಗಿ ಕತ್ತರಿಸಿ, ಆಮೇಲೆ ಮಡಚಿದರೆ ಮಡಿಕೆ ಎಳೆಯ ಜೊತೆಗೇ ಸಾಗುತ್ತದೆ. ಎ ಅಳತೆಗಳಲ್ಲಿ ಉದ್ದಗಲದ ಪ್ರಮಾಣ ಎರಡರ ವರ್ಗಮೂಲದಷ್ಟು, ಅದಕ್ಕೇ ಎಷ್ಟು ಸಲ ಅರ್ಧ ಮಾಡಿದರೂ ಆಕಾರ ಬದಲಾಗುವುದಿಲ್ಲ. ಈ ಪ್ರಮಾಣದ ಸೊಗಸನ್ನು ಲಿಕ್ಟನ್‌ಬರ್ಗ್ ಎಂಬ ಜರ್ಮನ್ ವಿಜ್ಞಾನಿ 1786ರಲ್ಲೇ ಒಂದು ಪತ್ರದಲ್ಲಿ ಬರೆದಿದ್ದರು. 1922ರಲ್ಲಿ ವಾಲ್ಟರ್ ಪೋರ್ಸ್ಟ್‌ಮನ್ ಅದನ್ನು ಜರ್ಮನಿಯ ಮಾನಕವಾಗಿ ರೂಪಿಸಿದರು. ಆಕಾರ ಬದಲಾಗದಿದ್ದರೂ ಎಳೆ ಮಾತ್ರ ಪ್ರತಿ ಸಲ ಬದಿ ಬದಲಿಸುತ್ತದೆ: ಎ4ರಲ್ಲಿ ಉದ್ದ ಬದಿಗೆ ಇದ್ದದ್ದು ಎ5ರಲ್ಲಿ ಗಿಡ್ಡ ಬದಿಗೆ, ಎ6ರಲ್ಲಿ ಮತ್ತೆ ಉದ್ದ ಬದಿಗೆ. ಹೀಗಾಗಿ ನಮ್ಮ ಪುಸ್ತಕ ಎ6 ಆಯಿತು. 105 ಮಿ.ಮೀ. ಅಗಲ, 148 ಮಿ.ಮೀ. ಎತ್ತರ, ಜೇಬಿಗೆ ಹಿಡಿಸುವಷ್ಟು.

ಒಂದು ಪುಸ್ತಕಕ್ಕೆ ಆರು ಎ4 ಹಾಳೆ. ಕತ್ತರಿಸಿದರೆ ಹನ್ನೆರಡು ಎ5, ಮಡಚಿದರೆ 24 ಎಲೆ, 48 ಪುಟ. ಇದಕ್ಕಿಂತ ದಪ್ಪ ಮಾಡಿದರೆ ಹೊಸಬರ ಕೈಗೆ ಮಡಿಕೆ ಬಗ್ಗುವುದಿಲ್ಲ, ಒಳಗಿನ ಹಾಳೆಗಳು ಅಂಚಿನಾಚೆ ತೀರಾ ಹೊರಚಾಚುತ್ತವೆ. ಇದಕ್ಕಿಂತ ತೆಳುವಾದರೆ ಪುಸ್ತಕ ಅನ್ನಿಸುವುದಿಲ್ಲ.

ಕತ್ತರಿಸುವ ಕೆಲಸವನ್ನು ನಾನು ಮೊದಲೇ ಮುಗಿಸಿಟ್ಟೆ. ಹರಟೆಯ ನಡುವೆ ಬ್ಲೇಡು ಕೈಯಿಂದ ಕೈಗೆ ಹೋಗುವುದು ನನಗೆ ಸರಿಬರುವುದಿಲ್ಲ. ಕತ್ತರಿಸುವ ಮ್ಯಾಟ್, ಸ್ಟೀಲ್ ಸ್ಕೇಲ್, ತುದಿ ಮುರಿಯಬಲ್ಲ ಬ್ಲೇಡಿನ ಕಟರ್. ಒಂದು ಸಲಕ್ಕೆ ಆರು ಹಾಳೆ, ಎರಡು ಬೈಂಡರ್ ಕ್ಲಿಪ್ಪಿನ ಹಿಡಿತ, ಒತ್ತಡ ಹಾಕದೆ ಹಗುರವಾಗಿ ಹಲವು ಸಲ ಎಳೆಯುವುದು. ಬಲ ಹಾಕಿ ಒಂದೇ ಏಟಿಗೆ ಕತ್ತರಿಸಲು ಹೋದರೆ ಕೆಳಗಿನ ಹಾಳೆ ಜರುಗುತ್ತದೆ. ಬ್ಲೇಡಿನ ತುದಿಯನ್ನು ಧಾರಾಳವಾಗಿ ಮುರಿಯುತ್ತಿರಿ. ಜಪಾನಿನ ಯೋಶಿಯೊ ಒಕಾಡಾ 1956ರಲ್ಲಿ ಈ ಬ್ಲೇಡನ್ನು ರೂಪಿಸಿದ್ದೇ ಅದಕ್ಕೆ. ಚಮ್ಮಾರರು ಮೊಂಡಾದ ಗಾಜಿನ ಚೂರನ್ನು ಒಡೆದು ಹೊಸ ಅಂಚು ಮಾಡಿಕೊಳ್ಳುವುದನ್ನೂ, ಗೆರೆ ಇರುವ ಚಾಕೊಲೇಟ್ ಪಟ್ಟಿ ತುಂಡು ತುಂಡಾಗಿ ಮುರಿಯುವುದನ್ನೂ ಸೇರಿಸಿ ಯೋಚಿಸಿದ್ದರಂತೆ. ಮೊಂಡು ಬ್ಲೇಡು ಕಾಗದ ಹರಿಯುತ್ತದೆ, ಜೊತೆಗೆ ನಾವು ಬಲ ಹಾಕುವಂತೆ ಮಾಡುತ್ತದೆ, ಬೆರಳಿಗೆ ಅಪಾಯ ಬರುವುದು ಆಗಲೇ.

ಹೊದಿಕೆಗೆ 250 ಜಿಎಸ್‌ಎಂ ಕಾರ್ಡ್ ಕಾಗದ, ಹೊಳಪಿಲ್ಲದ್ದು. ಎತ್ತರ 148 ಮಿ.ಮೀ., ಅಗಲ 214 ಮಿ.ಮೀ., ಎಳೆ ಎತ್ತರದ ಕಡೆಗೆ. ನಡುವೆ 2 ಮಿ.ಮೀ. ಅಂತರದಲ್ಲಿ ಎರಡು ಗೀರು, ಶಾಯಿ ಮುಗಿದ ಬಾಲ್ ಪೆನ್ನಿನಿಂದ ಸ್ಕೇಲಿಗೆ ಒತ್ತಿ ಎಳೆದದ್ದು. ಆ 2 ಮಿ.ಮೀ. ಪುಸ್ತಕದ ಬೆನ್ನಾಗುತ್ತದೆ. ಉಳಿದದ್ದು ಎರಡೂ ಕಡೆ 106 ಮಿ.ಮೀ., ಹಾಳೆಗಿಂತ 1 ಮಿ.ಮೀ. ಹೆಚ್ಚು. ಹನ್ನೆರಡು ಹಾಳೆ ಒಂದರೊಳಗೊಂದು ಕೂತಾಗ ಒಳಗಿನವು ಸುಮಾರು ಅಷ್ಟೇ ಹೊರಗೆ ಬರುತ್ತವೆ, ಹೊದಿಕೆ ಅದನ್ನು ಮುಚ್ಚುತ್ತದೆ. ಈ 1 ಮಿ.ಮೀ. ಕೊಟ್ಟದ್ದರಿಂದ ಕೊನೆಯಲ್ಲಿ ಅಂಚು ಕತ್ತರಿಸಿ ಸಮ ಮಾಡುವ ಹಂತವೇ ಬೇಡವಾಯಿತು, ಬ್ಲೇಡು ಇಡೀ ಸಂಜೆ ಡ್ರಾಯರಿನಲ್ಲೇ ಉಳಿಯಿತು.

ಚುಚ್ಚುಮಣೆ

ಇಡೀ ತಯಾರಿಯಲ್ಲಿ ನಾನು ಹೆಚ್ಚು ಹೊತ್ತು ಕೂತು ಮಾಡಿದ್ದು ಇದನ್ನು. ಮಡಿಕೆಯ ಸರಿಯಾದ ಗೆರೆಯ ಮೇಲೇ ತೂತು ಬೀಳಬೇಕು. ಹಾಳೆಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿ ಚುಚ್ಚಿದರೆ ಒಳಗಿನ ಹಾಳೆಯಲ್ಲಿ ತೂತು ಮಡಿಕೆಯ ಮೇಲಿದ್ದರೂ ಹೊರಗಿನ ಹಾಳೆಯಲ್ಲಿ ಪಕ್ಕಕ್ಕೆ ಸರಿದಿರುತ್ತದೆ. ಕಂತೆಯನ್ನು ಅರೆತೆರೆದು ವಿ ಆಕಾರದಲ್ಲಿ ಹಿಡಿದು, ಮೇಲಿನಿಂದ ನೆಟ್ಟಗೆ ಚುಚ್ಚಬೇಕು. ಪುಸ್ತಕ ಕಟ್ಟುವವರು ಇದಕ್ಕೆ ಮರದ ಸಾಧನ ಇಟ್ಟುಕೊಂಡಿರುತ್ತಾರೆ. ಒಂದು ಸಂಜೆಯ ಮಟ್ಟಿಗೆ ಪ್ಯಾಕಿಂಗ್ ಡಬ್ಬಿಯ ರಟ್ಟು ಧಾರಾಳ ಸಾಕು.

ಒಂದು ಮಣೆಗೆ ಬೇಕಾದದ್ದು ನಾಲ್ಕು ಭಾಗ. ಎರಡು ಕಡೆಯ ಗೋಡೆಗಳು, ತಲಾ 140 ಮಿ.ಮೀ. ಅಗಲ, 70 ಮಿ.ಮೀ. ಎತ್ತರ. ಪ್ರತಿ ಗೋಡೆಯ ಮೇಲಂಚಿನ ನಡುವೆ 90 ಡಿಗ್ರಿಯ ವಿ ಕಚ್ಚು: ಬಾಯಿ 100 ಮಿ.ಮೀ., ಆಳ 50 ಮಿ.ಮೀ. ಕಚ್ಚಿನ ಕೆಳಗೆ 20 ಮಿ.ಮೀ. ಉಳಿಯುತ್ತದೆ, ಚುಚ್ಚಿದಾಗ ಸೂಜಿಯ ಮೊನೆ ಮೇಜಿಗೆ ತಾಗದಿರಲು ಆ ಜಾಗ ಬೇಕು. ಕಚ್ಚಿನ ಇಳಿಜಾರಿನ ಮೇಲೆ ಕೂರುವ ಎರಡು ರೆಕ್ಕೆಗಳು, ತಲಾ 180 ಮಿ.ಮೀ. ಉದ್ದ, 100 ಮಿ.ಮೀ. ಅಗಲ. ಇಳಿಜಾರಿನ ಉದ್ದ ಸುಮಾರು 70 ಮಿ.ಮೀ., ಉಳಿದ 30 ಮೇಲಕ್ಕೆ ಚಾಚಿ ಹಾಳೆಗಳಿಗೆ ಆಸರೆಯಾಗುತ್ತದೆ.

ರಟ್ಟಿಗೂ ಎಳೆ ಇದೆ, ಒಳಗಿನ ಅಲೆಗಳ ಸಾಲು. ರೆಕ್ಕೆಗಳಲ್ಲಿ ಆ ಸಾಲು 180 ಮಿ.ಮೀ. ಉದ್ದಕ್ಕೆ ಇರಲಿ, ಇಲ್ಲದಿದ್ದರೆ ಚುಚ್ಚುವಾಗ ನಡುವೆ ಜಗ್ಗುತ್ತದೆ. ಗೋಡೆಗಳನ್ನು ಎರಡು ಪದರ ಮಾಡಿ, ಒಂದರ ಸಾಲು ನಿಂತಿದ್ದರೆ ಇನ್ನೊಂದರ ಸಾಲು ಮಲಗಿರುವಂತೆ ಬಿಳಿ ಗೋಂದಿನಲ್ಲಿ ಅಂಟಿಸಿದೆ. ಒಂದು ರಾತ್ರಿ ಭಾರ ಹೇರಿಟ್ಟ ಮೇಲೆ ಅದು ಮರದ ಹಲಗೆಗೆ ಕಡಿಮೆ ಇಲ್ಲದಷ್ಟು ಬಿಗಿಯಾಯಿತು.

ಜೋಡಿಸುವಾಗ ಗಮನ ಕೊಡಬೇಕಾದ ಜಾಗ ಒಂದೇ: ರೆಕ್ಕೆಗಳೆರಡೂ ಕೆಳಗೆ ಸೇರುವಲ್ಲಿ 2 ಮಿ.ಮೀ. ಸಂದು. ಸಂದು ದೊಡ್ಡದಾದರೆ ಮಡಿಕೆ ಅದರೊಳಕ್ಕೆ ಇಳಿದು ಅಲ್ಲಾಡುತ್ತದೆ. ಸಂದೇ ಇಲ್ಲದಿದ್ದರೆ ಮೊನೆ ರಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಅಂಟಿಸುವಾಗ ಎರಡು ರೆಕ್ಕೆಗಳ ನಡುವೆ ಕಾರ್ಡ್ ಕಾಗದದ ಪಟ್ಟಿಗಳನ್ನು ಜೋಡಿಸಿ 2 ಮಿ.ಮೀ. ಆಗುವಷ್ಟು ಸಿಕ್ಕಿಸಿ, ಮಾಸ್ಕಿಂಗ್ ಟೇಪಿನಿಂದ ಬಿಗಿದು, ಗೋಂದು ಹಿಡಿದ ಮೇಲೆ ಪಟ್ಟಿ ಎಳೆದು ತೆಗೆದೆ. ರೆಕ್ಕೆಯ ಒಳಮೈಗೆ ಒಂದು ಪದರ ಮಾಸ್ಕಿಂಗ್ ಟೇಪು ಹೊದಿಸಿದರೆ ಕಾಗದ ಸಲೀಸಾಗಿ ಜಾರಿ ಕೂರುತ್ತದೆ.

ಇಂಥ ಮಣೆ ನಾಲ್ಕು ಮಾಡಿದೆ, ಇಬ್ಬರಿಗೆ ಒಂದರಂತೆ. ಎಂಟು ಮಾಡಬಹುದಿತ್ತು, ಬೇಕೆಂದೇ ಮಾಡಲಿಲ್ಲ. ಚುಚ್ಚುವುದು ಚುಟುಕು ಕೆಲಸ, ಒಬ್ಬರು ಕಂತೆ ಹಿಡಿದರೆ ಇನ್ನೊಬ್ಬರು ಚುಚ್ಚುತ್ತಾರೆ, ಪರಿಚಯವಿಲ್ಲದ ಇಬ್ಬರ ನಡುವೆ ಅಲ್ಲೇ ಮಾತು ಶುರುವಾಗುತ್ತದೆ. ಸೂಜಿ, ದಾರ ಮಾತ್ರ ತಲಾ ಒಂದು, ಏಕೆಂದರೆ ಹೊಲಿಗೆಯಲ್ಲಿ ಒಬ್ಬೊಬ್ಬರ ವೇಗ ಒಂದೊಂದು. ಯಾವುದನ್ನು ಹಂಚಿಕೊಳ್ಳಬೇಕು, ಯಾವುದನ್ನು ಹಂಚಿಕೊಳ್ಳಬಾರದು ಅನ್ನುವುದನ್ನು ಆತಿಥೇಯರು ಮೊದಲೇ ಯೋಚಿಸಿದರೆ ಸಂಜೆಯ ಅರ್ಧ ಗೆದ್ದಂತೆ.

ಚುಚ್ಚುಸೂಜಿಯನ್ನೂ ಮನೆಯಲ್ಲೇ ಮಾಡಿದೆ. ದಪ್ಪ ಸೂಜಿಯೊಂದನ್ನು ಇಕ್ಕಳದಲ್ಲಿ ಹಿಡಿದು, ಕಣ್ಣಿನ ಕಡೆಯಿಂದ ಬಾಟಲಿಯ ಕಾರ್ಕಿನೊಳಕ್ಕೆ ಒತ್ತುವುದು, ಸುಮಾರು 25 ಮಿ.ಮೀ. ಹೊರಗೆ ಉಳಿಯುವಂತೆ. ಕಾರ್ಕಿಗೆ ಮೊದಲೇ ಸಣ್ಣ ತೂತು ಮಾಡಿಕೊಂಡರೆ ಸೂಜಿ ಓರೆಯಾಗುವುದಿಲ್ಲ. ತೂತಿನ ಜಾಗ ತೋರಿಸಲು 148 ಮಿ.ಮೀ. ಉದ್ದದ ಕಾರ್ಡ್ ಪಟ್ಟಿ, ಉದ್ದಕ್ಕೆ ಮಡಚಿದ್ದು. ಮಡಿಕೆಯ ಮೇಲೆ ಒಂದು ತುದಿಯಿಂದ 15, 44.5, 74, 103.5, 133 ಮಿ.ಮೀ.ಗೆ ಗುರುತು. ತೂತುಗಳ ನಡುವೆ ಸಮನಾಗಿ 29.5 ಮಿ.ಮೀ. ಎರಡೂ ಕಡೆಯಿಂದ ಅಳತೆ ಒಂದೇ ಆದ್ದರಿಂದ ಪಟ್ಟಿ ತಲೆಕೆಳಗಾದರೂ ತೂತು ತಪ್ಪುವುದಿಲ್ಲ.

ದಾರ, ಸೂಜಿ, ಅಚ್ಚು

ದಾರ ತೀರಾ ಸಪೂರ ಇದ್ದರೆ ಕಾಗದವನ್ನು ಕೊಯ್ಯುತ್ತದೆ. ಲಿನನ್ ದಾರ ಸಿಕ್ಕರೆ ಒಳ್ಳೆಯದು. ನಾನು ಬಳಸಿದ್ದು ಕಸೂತಿ ದಾರ, ಆರೆಳೆಯಲ್ಲಿ ಮೂರೆಳೆ ಬಿಡಿಸಿ, ಜೇನುಮೇಣದ ತುಂಡಿನ ಮೇಲೆ ಒಂದೆರಡು ಸಲ ಎಳೆದದ್ದು. ಮೇಣ ಹಿಡಿದ ದಾರ ಸಿಕ್ಕುಗಟ್ಟುವುದು ಕಡಿಮೆ, ಗಂಟೂ ಜಾರುವುದಿಲ್ಲ. ಬಣ್ಣ ಗಾಢವಾಗಿರಲಿ. ಬಿಳಿ ಕಾಗದದ ಮೇಲೆ ಬಿಳಿ ದಾರ ಸಂಜೆಯ ಬೆಳಕಿನಲ್ಲಿ ಯಾರ ಕಣ್ಣಿಗೂ ಕಾಣುವುದಿಲ್ಲ, ಹೊಸಬರಿಗೆ ತಮ್ಮ ಹೊಲಿಗೆ ಎಲ್ಲಿದೆ ಅಂತ ತಿಳಿಯುವುದೇ ಇಲ್ಲ. ಕೆಂಪು, ನೀಲಿ, ಕಡು ಹಸಿರು ಇಟ್ಟಿದ್ದೆ.

ಉದ್ದ 45 ಸೆಂ.ಮೀ., ಪುಸ್ತಕದ ಎತ್ತರದ ಮೂರರಷ್ಟು. ಲೆಕ್ಕ ಹೀಗೆ: ಮೊದಲ ತೂತಿನಿಂದ ಐದನೆಯದಕ್ಕೆ 118 ಮಿ.ಮೀ., ಒಳಗೊಂದು ಸಲ, ಹೊರಗೊಂದು ಸಲ, ಒಟ್ಟು 236. ಉಳಿದದ್ದು ಗಂಟಿಗೂ ಕೈಗೆ ಹಿಡಿಯಲೂ. "ಸ್ವಲ್ಪ ಜಾಸ್ತಿ ಇರಲಿ" ಅಂತ ಒಂದು ಮೀಟರ್ ಕೊಡಬೇಡಿ. ಉದ್ದದ ದಾರ ಪಕ್ಕದವರ ಬಟ್ಟಲಿಗೂ ಕನ್ನಡಕಕ್ಕೂ ಸುತ್ತಿಕೊಳ್ಳುತ್ತದೆ.

ಸೂಜಿ ದೊಡ್ಡ ಕಣ್ಣಿನದು, ಮೊಂಡು ತುದಿಯದು. ತೂತು ಮೊದಲೇ ಇರುವುದರಿಂದ ಚೂಪು ಬೇಡ. ಚೂಪು ಇದ್ದರೆ ಪಕ್ಕದಲ್ಲಿ ಹೊಸ ತೂತು ಮಾಡುತ್ತದೆ, ಅಥವಾ ಆಗಲೇ ಹಾದ ದಾರವನ್ನು ಇರಿಯುತ್ತದೆ. ದಾರ ಇರಿದು ಹೋದರೆ ಬಿಗಿ ಮಾಡಲೂ ಆಗದು, ಬಿಚ್ಚಲೂ ಆಗದು.

ಹೊದಿಕೆಯ ಮೇಲಿನ ಚಿತ್ತಾರಕ್ಕೆ ರಬ್ಬರಿನ ಅಚ್ಚು. 20 ಮಿ.ಮೀ. ಚೌಕದ ರಬ್ಬರನ್ನು ಮೂಲೆಯಿಂದ ಮೂಲೆಗೆ ಕತ್ತರಿಸಿದರೆ ಎರಡು ತ್ರಿಕೋನ, ಇಬ್ಬರಿಗೆ ಒಂದೊಂದು ಅಚ್ಚು. ಹೊದಿಕೆಯ ಮುಂಬದಿಗೆ ಪೆನ್ಸಿಲಿನಲ್ಲಿ ಐದು ಅಡ್ಡ, ಏಳು ಉದ್ದದ ಚೌಕಗಳನ್ನು ತೆಳುವಾಗಿ ಎಳೆದಿಟ್ಟೆ. 35 ಚೌಕ, ಪ್ರತಿಯೊಂದರಲ್ಲೂ ಅಚ್ಚನ್ನು ನಾಲ್ಕು ದಿಕ್ಕಿನಲ್ಲಿ ಯಾವ ಕಡೆಗಾದರೂ ಒತ್ತಬಹುದು. ಎರಡು ಬಣ್ಣಕ್ಕೆ ಕರ್ಣದಲ್ಲಿ ಸೀಳಿದ ಚೌಕ ಬಿಲ್ಲೆಗಳ ಜೋಡಣೆಯ ಬಗ್ಗೆ ಸೆಬಾಸ್ಟಿಯನ್ ಟ್ರುಶೆ ಎಂಬ ಫ್ರೆಂಚ್ ಪಾದ್ರಿ 1704ರಲ್ಲೇ ಪ್ರಬಂಧ ಬರೆದಿದ್ದಾರೆ. ನಾಲ್ಕೇ ಚೌಕದಲ್ಲೂ 256 ಬಗೆ ಸಾಧ್ಯ, 35ರಲ್ಲಿ ಒಬ್ಬರದ್ದು ಇನ್ನೊಬ್ಬರದ್ದಕ್ಕೆ ಹೊಂದುವ ಸಂಭವವೇ ಇಲ್ಲ ಅನ್ನಬೇಕು. ಚಿತ್ರ ಬರಲ್ಲ ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಸಿಕ್ಕಿಲ್ಲ: ಬಿಡಿಸುವುದು ಏನೂ ಇಲ್ಲ, ಯಾವ ಕಡೆಗೆ ತಿರುಗಿಸಲಿ ಅನ್ನುವುದೊಂದೇ ನಿರ್ಧಾರ. ಇಂಕ್ ಪ್ಯಾಡು ನೀರು ಬೆರೆತ ಶಾಯಿಯದಾಗಿರಲಿ. ಹೊಳಪಿಲ್ಲದ ಕಾರ್ಡಿನಲ್ಲಿ ಅದು ಬೇಗ ಇಂಗುತ್ತದೆ, ಹೊಳಪಿನ ಕಾರ್ಡಿನಲ್ಲಿ ಕೈಗೆಲ್ಲ ಮೆತ್ತುತ್ತದೆ.

ಒಂದು ಪರೀಕ್ಷೆ

ಎಲ್ಲ ಸಿದ್ಧವಾದ ಮೇಲೆ, ಸೂಜಿಯನ್ನೇ ಮುಟ್ಟದ ಗೆಳತಿಯೊಬ್ಬಳನ್ನು ಮೊದಲೇ ಕರೆದು ಕೂರಿಸಿ ಇಡೀ ಪುಸ್ತಕ ಮಾಡಿಸಿದೆ. ನಾನು ಬಾಯಿ ಬಿಡದೆ ಪಕ್ಕದಲ್ಲಿ ಕೂತು, ಅವಳ ಕೈ ಎಲ್ಲಿ ನಿಲ್ಲುತ್ತದೆ ಅಂತ ಮಾತ್ರ ಬರೆದುಕೊಂಡೆ. ಇಂಥ ಸಂಜೆ ಮಾಡುವವರೆಲ್ಲ ಈ ಪರೀಕ್ಷೆ ಮಾಡಲೇಬೇಕು ಅಂತ ನಾನು ಒತ್ತಿ ಹೇಳುತ್ತೇನೆ. ಕೆಲಸ ಗೊತ್ತಿದ್ದವರಿಗೆ ಅದರ ಕಷ್ಟದ ಜಾಗ ಕಾಣುವುದಿಲ್ಲ.

ಅವಳು ನಿಂತದ್ದು ಎರಡು ಕಡೆ. ಒಂದು, ಹನ್ನೆರಡು ಹಾಳೆಯನ್ನು ಒಟ್ಟಿಗೆ ಮಡಚುವಾಗ ಅವು ಜಾರಿದವು. ಮೂರು ಮೂರಾಗಿ ಮಡಚಿ, ಪ್ರತಿ ಮಡಿಕೆಯನ್ನೂ ಚಮಚದ ಬೆನ್ನಿನಿಂದ ಉಜ್ಜಿ, ಆಮೇಲೆ ಒಂದರೊಳಗೊಂದು ಸೇರಿಸಿದರೆ ಸರಿಹೋಯಿತು. ಇನ್ನೊಂದು, ಹೊಲಿಗೆಯ ದಾರಿ. ನಾನು ಬಾಣದ ಗುರುತುಗಳ ಚಿತ್ರವೊಂದನ್ನು ಬರೆದಿಟ್ಟಿದ್ದೆ, ಅವಳು ಅದನ್ನು ಮೂರು ಕಡೆ ತಿರುಗಿಸಿ ನೋಡಿ, "ಇದ್ಯಾಕೆ, ನಂಬರ್ ಹೇಳಿಬಿಡು ಸಾಕು" ಅಂದಳು. ಅವಳು ಹೇಳಿದ್ದೇ ಸರಿ. ಚಿತ್ರ ತೆಗೆದುಹಾಕಿ ದೊಡ್ಡ ಅಕ್ಷರದಲ್ಲಿ ಎಂಟು ಅಂಕಿ ಬರೆದೆ: 3, 2, 1, 2, 4, 5, 4, 3.

ಒಳಗಿನಿಂದ ಶುರು. ನಡುವಿನ ಮೂರನೇ ತೂತಿನಿಂದ ಹೊರಕ್ಕೆ, 8 ಸೆಂ.ಮೀ. ಬಾಲ ಒಳಗೇ ಬಿಟ್ಟು. ಎರಡರಲ್ಲಿ ಒಳಕ್ಕೆ, ಒಂದರಲ್ಲಿ ಹೊರಕ್ಕೆ, ಮತ್ತೆ ಎರಡರಲ್ಲಿ ಒಳಕ್ಕೆ. ಈಗ ಒಳಗಡೆ ಮೂರನ್ನು ದಾಟಿ ನಾಲ್ಕರಲ್ಲಿ ಹೊರಕ್ಕೆ, ಐದರಲ್ಲಿ ಒಳಕ್ಕೆ, ನಾಲ್ಕರಲ್ಲಿ ಹೊರಕ್ಕೆ, ಮೂರರಲ್ಲಿ ಒಳಕ್ಕೆ. ಎರಡು ತುದಿಗಳೂ ಈಗ ನಡುವೆ ಇವೆ, ಒಳಗಿನ ಉದ್ದ ಹೊಲಿಗೆಯ ಆಚೆಗೊಂದು ಈಚೆಗೊಂದು. ಆ ಹೊಲಿಗೆಯನ್ನು ಸೇರಿಸಿ ಎರಡು ಗಂಟು, ಮೊದಲು ಬಲದ್ದು ಎಡದ ಮೇಲೆ, ಆಮೇಲೆ ಎಡದ್ದು ಬಲದ ಮೇಲೆ. ಒಂದೇ ಕಡೆಗೆ ಎರಡು ಸಲ ಹಾಕಿದ ಗಂಟು ಜಾರುತ್ತದೆ. ಒಂದೇ ತೂತಿನಲ್ಲಿ ಎರಡನೇ ಸಲ ಹೋಗುವಾಗ ಮೊದಲಿನ ದಾರವನ್ನು ಬೆರಳಿನಿಂದ ಪಕ್ಕಕ್ಕೆ ಹಿಡಿಯಿರಿ. ಬಿಗಿ ಮಾಡುವಾಗ ದಾರವನ್ನು ಬೆನ್ನಿನ ಉದ್ದಕ್ಕೇ ಎಳೆಯಿರಿ. ಮೇಲಕ್ಕೆತ್ತಿ ಎಳೆದರೆ ತೂತು ಹರಿದು ಉದ್ದವಾಗುತ್ತದೆ.

ಆ ಸಂಜೆ

ಜಾಗದ ಬಗ್ಗೆ ಹೇಳುವುದು ಹೆಚ್ಚಿಲ್ಲ. ಒಂದೇ ಉದ್ದ ಮೇಜು, ಎಲ್ಲರ ಮುಖ ಎಲ್ಲರಿಗೂ ಕಾಣುವಂತೆ. ಚಾವಣಿಯ ದೀಪದ ಜೊತೆಗೆ ಎರಡು ಟೇಬಲ್ ಲ್ಯಾಂಪು, ಬಲಗೈಯವರಿಗೆ ಬೆಳಕು ಎಡದಿಂದ ಬರುವಂತೆ. ಎಡಗೈಯ ಗೆಳೆಯನೊಬ್ಬ ಇದ್ದದ್ದರಿಂದ ಅವನಿಗೆ ಮೇಜಿನ ಇನ್ನೊಂದು ಕೊನೆ. ತಿನ್ನುವುದು ಕುಡಿಯುವುದು ಬೇರೆ ಮೇಜಿನಲ್ಲಿ, ಜೊತೆಗೆ ಕೈ ಒರೆಸುವ ಬಟ್ಟೆ.

ಹಂತಗಳ ಸರದಿಯಲ್ಲಿ ಒಂದು ತಂತ್ರ ಇತ್ತು. ಮೊದಲು ಅಚ್ಚು. ಎಲ್ಲರೂ ಒಂದೇ ಹೊತ್ತಿಗೆ ಬರುವುದಿಲ್ಲ. ಅಚ್ಚು ಒತ್ತುವ ಕೆಲಸಕ್ಕೆ ಯಾರು ಯಾವಾಗ ಬಂದರೂ ಸೇರಿಕೊಳ್ಳಬಹುದು, ಹಿಂದೆ ಬಿದ್ದೆ ಅನ್ನಿಸುವುದಿಲ್ಲ. ಹೊದಿಕೆಯ ಶಾಯಿ ಒಣಗುವ ಹೊತ್ತಿಗೆ ಹಾಳೆ ಮಡಚುವುದು. ಆಮೇಲೆ ಜೋಡಿಯಾಗಿ ಚುಚ್ಚುವುದು. ಕೊನೆಯ, ಎಲ್ಲಕ್ಕಿಂತ ಉದ್ದದ ಹಂತ ಹೊಲಿಗೆ. ಒಟ್ಟು ಎರಡೂವರೆ ಗಂಟೆ ಅಂದುಕೊಂಡಿದ್ದೆ, ಹೆಚ್ಚುಕಡಿಮೆ ಅಷ್ಟೇ ಆಯಿತು.

ಅಚ್ಚಿನ ಹಂತದಲ್ಲಿ ಗದ್ದಲವೋ ಗದ್ದಲ. ಒಬ್ಬರು ಗಾಳಿಪಟದ ಸಾಲು ಒತ್ತಿದರು, ಒಬ್ಬರು ಕಣ್ಣು ಮುಚ್ಚಿ ಒತ್ತಿ "ಇದೇ ಚೆಂದ" ಅಂದರು, ನಿಜಕ್ಕೂ ಚೆಂದವೇ ಇತ್ತು. ಚುಚ್ಚುಮಣೆಯ ಹತ್ತಿರ, ಅಲ್ಲಿಯವರೆಗೆ ಪರಸ್ಪರ ಹೆಸರಷ್ಟೇ ಗೊತ್ತಿದ್ದ ಇಬ್ಬರು "ನೀವು ಹಿಡೀರಿ, ನಾನು ಚುಚ್ತೀನಿ" ಅಂತ ಶುರುಮಾಡಿ, ಎರಡನೇ ಕಂತೆಗೆ ಬರುವಷ್ಟರಲ್ಲಿ "ಏ, ನೆಟ್ಟಗೆ ಹಿಡಿಯೇ" ಅನ್ನುವಲ್ಲಿಗೆ ಬಂದಿದ್ದರು.

ಹೊಲಿಗೆ ಶುರುವಾದಾಗ ಸ್ವಲ್ಪ ಹೊತ್ತು ಎಲ್ಲರೂ ಅಂಕಿಗಳನ್ನು ಒಟ್ಟಿಗೆ ಗಟ್ಟಿಯಾಗಿ ಹೇಳಿಕೊಂಡರು: ಮೂರು, ಎರಡು, ಒಂದು, ಎರಡು... ಒಂದು ಸುತ್ತು ಆದಮೇಲೆ ಕೈಗೆ ದಾರಿ ಗೊತ್ತಾಯಿತು, ಮಾತು ಬೇರೆ ಕಡೆ ಹರಿಯಿತು. ಕೆಲಸದ ವಿಷಯ, ಊರು ಬಿಟ್ಟು ಹೋಗುವವರ ವಿಷಯ, ಅಪ್ಪನ ಕಾಯಿಲೆ. ಎದುರಾ ಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಹೇಳಲು ಕಷ್ಟವಾದದ್ದನ್ನು ಜನ ಸೂಜಿಯ ಮೇಲೆ ಕಣ್ಣಿಟ್ಟು ಸಲೀಸಾಗಿ ಹೇಳುತ್ತಾರೆ. ನಾನು ಈ ಸಂಜೆಗಳನ್ನು ಮಾಡುವುದೇ ಇದಕ್ಕಾಗಿ. ಕೈಗೆ ಕೆಲಸ ಇದ್ದಾಗ ಮಾತು ನಿಂತರೂ ಯಾರಿಗೂ ಮುಜುಗರವಾಗುವುದಿಲ್ಲ.

ನಾನು ಪುಸ್ತಕ ಮಾಡಲು ಕೂರಲಿಲ್ಲ. ಆತಿಥೇಯರ ಕೈ ಖಾಲಿ ಇರಬೇಕು. ಯಾರದೋ ದಾರ ಸೂಜಿಯಿಂದ ಜಾರಿತು, ಇನ್ನಾರೋ ಮೂರನ್ನು ದಾಟುವ ಬದಲು ಮೂರರಲ್ಲೇ ಹೊರಬಂದರು. ಅಂಥಾಗ ಸೂಜಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ತೂರಿಸಬೇಡಿ, ಅದು ದಾರವನ್ನು ಇರಿಯುವ ಸಂಭವ ಹೆಚ್ಚು. ಸೂಜಿ ಬಿಚ್ಚಿ, ದಾರವನ್ನಷ್ಟೇ ತೂತಿನಿಂದ ಹಿಂದಕ್ಕೆಳೆದು, ಮತ್ತೆ ಪೋಣಿಸಿ. ಬೇಗ ಮುಗಿಸಿದ ಇಬ್ಬರಿಗೆ ಕೊಡಲು ಮಿಕ್ಕ ಕಾಗದದ ಪಟ್ಟಿಗಳೂ ಅಚ್ಚುಗಳೂ ಇದ್ದವು, ಅವರು ಪುಟಗುರುತು ಮಾಡುತ್ತ ಕೂತರು. ಬೇಗ ಮುಗಿಸುವವರಿಗೆ ಏನಾದರೊಂದು ಇಟ್ಟುಕೊಂಡಿರದಿದ್ದರೆ ಅವರು ಫೋನ್ ತೆಗೆಯುತ್ತಾರೆ, ಒಬ್ಬರು ತೆಗೆದರೆ ಮೇಜಿನ ಕಾವು ಇಳಿಯುತ್ತದೆ.

ಗಂಟಿನ ಬಾಲಗಳನ್ನು 1 ಸೆಂ.ಮೀ. ಬಿಟ್ಟು ಕತ್ತರಿಸಿ, ಪುಸ್ತಕಗಳನ್ನು ಎರಡು ಹಲಗೆಗಳ ನಡುವೆ ಪೇರಿಸಿ ಮೇಲೆ ಭಾರದ ನಿಘಂಟು ಇಟ್ಟೆವು. ಹೊರಡುವ ಮೊದಲಿನ ಕಾಲು ಗಂಟೆಯ ಒತ್ತಡಕ್ಕೇ ಬೆನ್ನು ಗಮನಾರ್ಹವಾಗಿ ಚಪ್ಪಟೆಯಾಗುತ್ತದೆ. ಮನೆಗೆ ಹೋಗಿ ಒಂದು ರಾತ್ರಿ ಭಾರದ ಕೆಳಗಿಡಿ ಅಂತ ಹೇಳಿ ಕಳಿಸಿದೆ.

ಉಳಿದ ಸಾಮಾನು

ಚುಚ್ಚುಮಣೆಗಳು ನಾಲ್ಕೂ ಗಟ್ಟಿಯಾಗಿವೆ. ಸಂದಿನ ಅಂಚಿನಲ್ಲಿ ಟೇಪು ಅಲ್ಲಲ್ಲಿ ಸವೆದಿದೆ, ಹಳೆಯದನ್ನು ಕಿತ್ತು ಹೊಸದು ಅಂಟಿಸಿದರೆ ಸಾಕು. ರಬ್ಬರಿನ ಅಚ್ಚುಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಬೇರೆ ಬೇರೆಯಾಗಿ ಕಾಗದದಲ್ಲಿ ಸುತ್ತಿಟ್ಟಿದ್ದೇನೆ. ಕೆಲವು ರಬ್ಬರುಗಳು ಪ್ಲಾಸ್ಟಿಕ್ ಡಬ್ಬಿಗೆ ತಾಗಿ ಕೂತರೆ ಅಂಟಿಕೊಂಡುಬಿಡುತ್ತವೆ. ಕಾರ್ಕಿನ ಚುಚ್ಚುಸೂಜಿಗಳ ಮೊನೆಗೆ ಇನ್ನೊಂದು ಕಾರ್ಕು ಚುಚ್ಚಿ ಮುಚ್ಚಿದ್ದೇನೆ.

ಗೆಳೆಯರು ಮತ್ತೆ ಕೂರೋಣ ಅಂದಿದ್ದಾರೆ. ಮುಂದಿನದಕ್ಕೆ ಮೂರು ಕಂತೆಗಳನ್ನು ಒಂದೇ ಹೊದಿಕೆಗೆ ಉದ್ದ ಹೊಲಿಗೆಯಲ್ಲಿ ಕಟ್ಟುವ ಪುಸ್ತಕ ಯೋಚಿಸಿದ್ದೇನೆ, ಅದಕ್ಕೂ ಅಂಟು ಬೇಡ. ಪ್ರತಿ ಕಂತೆಗೆ ನಾಲ್ಕೇ ಹಾಳೆ ಸಾಕು, ಒಳಗಿನವು ಹೊರಚಾಚುವುದೂ ಕಡಿಮೆಯಾಗುತ್ತದೆ. ಹೊದಿಕೆಯ ಬೆನ್ನಿನಲ್ಲಿ ಮೂರು ಸಾಲು ತೂತು ಬೇಕಾಗುವುದರಿಂದ ಅದನ್ನು ಚಪ್ಪಟೆಯಾಗಿಟ್ಟೇ ಚುಚ್ಚಬೇಕು, ಗುರುತಿನ ಪಟ್ಟಿಯನ್ನೂ ಹೊಸದಾಗಿ ಮಾಡಬೇಕು. ಕಂತೆಗಳಿಗೆ ಇದೇ ಮಣೆಗಳು ಸಾಕು.